ವಂಶವಾಹಿ ಸಂಶೋಧನೆ: ರೈತನ ಹೊಲಕ್ಕೆ ಬಂದದ್ದೆಷ್ಟು?

ಬೀಜದಂತೆ ಬೆಳೆ ಎಂಬ ಮಾತು ನಮ್ಮ ರೈತ ಬಾಂಧವರಿಗೆ ಹೊಸದಲ್ಲ. ಹೊಲ ಹಸನಾಗಿರಬಹುದು, ಕಾಲುವೆಗೆ ಸಕಾಲದಲ್ಲಿ ನೀರು ಬಂದಿರಬಹುದು, ಗೊಬ್ಬರಕ್ಕೂ ಕೊರತೆ ಇಲ್ಲದಿರಬಹುದು. ಬೀಜದಲ್ಲಿ ತಕ್ಕ ಗುಣವಿಲ್ಲದಿದ್ದರೆ ಇಷ್ಟೆಲ್ಲ ಮಾಡಿಯೂ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆಯೇ ಸರಿ. ಬೀಜದ ಈ ಗುಣ ಅದರೊಳಗೆ ಎಲ್ಲಿ ಅಡಗಿದೆ, ಒಂದು ತಳಿಯಲ್ಲಿರುವ ಒಳ್ಳೆಯ ಗುಣವನ್ನು ಇನ್ನೊಂದು ತಳಿಗೆ ತರುವುದು ಹೇಗೆ ಎಂಬ ಹುಡುಕಾಟಕ್ಕೇ ವಂಶವಾಹಿ ಸಂಶೋಧನೆ ಎಂದು ಹೆಸರು.

ಹಳ್ಳಿಯ ಸಭೆಗಳಲ್ಲಿ ಈ ವಿಷಯ ಎತ್ತಿದ ಕೂಡಲೇ ಎರಡು ಬಗೆಯ ಮಾತು ಕೇಳಿಬರುತ್ತದೆ. "ಅದೆಲ್ಲ ಬಿಟಿ ಹತ್ತಿಯ ಹಾಗೆ ಕಂಪನಿಯವರ ವ್ಯಾಪಾರ, ನಮಗೆ ಬೇಡ" ಎನ್ನುವವರು ಕೆಲವರು. "ಇನ್ನು ಮುಂದೆ ಔಷಧಿಯೂ ಬೇಡ, ಚಿಂತೆಯೂ ಬೇಡ, ಬೀಜವೇ ಎಲ್ಲವನ್ನೂ ನೋಡಿಕೊಳ್ಳುತ್ತದೆ" ಎನ್ನುವವರು ಇನ್ನು ಕೆಲವರು. ಎರಡೂ ಸರಿಯಲ್ಲ. ವಂಶವಾಹಿ ಸಂಶೋಧನೆ ಎಂಬ ಒಂದೇ ಹೆಸರಿನಡಿಯಲ್ಲಿ ಮೂರು ಬೇರೆ ಬೇರೆ ಕೆಲಸಗಳು ನಡೆಯುತ್ತಿವೆ. ಅವುಗಳಲ್ಲಿ ರೈತನಿಗೆ ಅತ್ಯಂತ ಹತ್ತಿರವಾದ, ಬೀಜವನ್ನು ಮನೆಯಲ್ಲೇ ಕಟ್ಟಿಟ್ಟುಕೊಳ್ಳಬಹುದಾದ ಕೆಲಸವೊಂದರ ಫಲ 2008ರಿಂದಲೂ ಸಿದ್ಧವಾಗಿದೆ. ಅದನ್ನು ಕೇಳಿ ಪಡೆಯುವುದರಲ್ಲಿ ನಾವು ಹಿಂದೆ ಬಿದ್ದಿದ್ದೇವೆ. ಈ ವಾರ ಆ ವಿಷಯವನ್ನೇ ಭತ್ತದ ಉದಾಹರಣೆಯೊಂದಿಗೆ ವಿವರವಾಗಿ ನೋಡೋಣ.

ಗಾಜಿನ ಲೋಟದ ಪರೀಕ್ಷೆ

ನಾನು ಇಲಾಖೆಗೆ ಸೇರಿದ ಹೊಸತು. ತುಂಗಭದ್ರಾ ಅಚ್ಚುಕಟ್ಟಿನ ಒಂದು ಹೋಬಳಿಯಲ್ಲಿ ಕೆಲಸ. ಮುಂಗಾರು ಭತ್ತ ತೆಂಡೆಯೊಡೆದು ಹುಲುಸಾಗಿ ಬೆಳೆದಿದ್ದಾಗ ಹಿರಿಯ ರೈತರೊಬ್ಬರು ಒಂದು ಹಿಡಿ ಎಲೆಗಳನ್ನು ತಂದು ನನ್ನ ಮೇಜಿನ ಮೇಲಿಟ್ಟರು. "ಸಾಹೇಬ್ರ, ಗಾಳಿ ಮಳಿ ಬಂದು ಹೋದ ಮ್ಯಾಲ ಎಲಿ ಅಂಚೆಲ್ಲ ಸುಟ್ಟಂಗ ಆಗೇತಿ. ಏನ್ ಹೊಡೀಬೇಕು ಹೇಳ್ರಿ" ಎಂದರು. ನಾನು ಎಲೆಗಳನ್ನು ತಿರುವಿ ನೋಡಿ ಬೆಂಕಿರೋಗವೆಂದು ತೀರ್ಮಾನಿಸಿ ಶಿಲೀಂಧ್ರನಾಶಕ ಬರೆದುಕೊಟ್ಟೆ. ಅವರು ನನ್ನ ಮಾತು ನಂಬಿ ಎರಡು ಸಲ ಸಿಂಪಡಿಸಿದರು. ರೋಗ ಇಳಿಯಲಿಲ್ಲ, ಪಕ್ಕದ ಗದ್ದೆಗಳಿಗೂ ಹಬ್ಬಿತು.

ಆಮೇಲೆ ನಮ್ಮ ಜೊತೆ ಗದ್ದೆಗೆ ಬಂದ ಸಸ್ಯರೋಗ ತಜ್ಞರು ಮಾಡಿದ ಕೆಲಸ ಬಹಳ ಸುಲಭವಾದದ್ದು. ರೋಗ ತಗುಲಿದ ಎಲೆಯಲ್ಲಿ ಹಸಿರು ಭಾಗ ಮತ್ತು ಒಣಗಿದ ಭಾಗ ಕೂಡುವ ಜಾಗದ ಒಂದು ತುಂಡನ್ನು ಕತ್ತರಿಸಿ, ತಿಳಿನೀರು ತುಂಬಿದ ಗಾಜಿನ ಲೋಟದಲ್ಲಿ ಅದರ ತುದಿಯನ್ನು ಅದ್ದಿ ಹಿಡಿದರು. ಕೆಲವೇ ನಿಮಿಷಗಳಲ್ಲಿ ಕತ್ತರಿಸಿದ ಅಂಚಿನಿಂದ ಹಾಲಿನಂಥ ಬಿಳಿ ಎಳೆ ನೀರಿಗೆ ಇಳಿಯತೊಡಗಿತು. ಅದು ಕೋಟ್ಯಂತರ ದುಂಡಾಣುಗಳ ಸೋರಿಕೆ. ರೋಗ ಬೆಂಕಿರೋಗವಾಗಿರಲಿಲ್ಲ, ದುಂಡಾಣು ಎಲೆ ಅಂಗಮಾರಿ ರೋಗವಾಗಿತ್ತು. ಶಿಲೀಂಧ್ರನಾಶಕಕ್ಕೆ ಅದು ಜಗ್ಗುವುದಿಲ್ಲ. ನಾನು ತಲೆ ತಗ್ಗಿಸಿದೆ. ಯಜಮಾನರು ಮಾತ್ರ, "ಇರ್ಲಿ ಬಿಡ್ರಿ ಸಾಹೇಬ್ರ, ರೊಕ್ಕ ಹೋತು, ಬುದ್ಧಿ ಬಂತು" ಎಂದು ದೊಡ್ಡ ಮನಸ್ಸು ಮಾಡಿದರು.

ಈ ರೋಗದ ಸ್ವಭಾವವನ್ನು ರೈತರು ತಿಳಿದಿರಬೇಕು. ಎಲೆಯ ತುದಿಯಿಂದ ಆರಂಭವಾಗಿ ಅಂಚಿನುದ್ದಕ್ಕೂ ಅಲೆ ಅಲೆಯಾಗಿ ಹಳದಿ ಪಟ್ಟೆ ಇಳಿಯುತ್ತದೆ, ಆಮೇಲೆ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಬೆಂಕಿರೋಗದಲ್ಲಾದರೆ ಎಲೆಯ ಮೇಲೆ ವಜ್ರಾಕಾರದ, ನಡುವೆ ಬೂದುಬಣ್ಣದ ಚುಕ್ಕೆಗಳು ಕಾಣುತ್ತವೆ. ದುಂಡಾಣು ಎಲೆಯ ಅಂಚಿನ ಸಣ್ಣ ರಂಧ್ರಗಳಿಂದ ಮತ್ತು ಗಾಯಗಳಿಂದ ಒಳಗೆ ಸೇರುತ್ತದೆ. ಬಲಿತ ಸಸಿಯ ತುದಿ ಚಿವುಟಿ ನಾಟಿ ಮಾಡುವ ರೂಢಿ ಅದಕ್ಕೆ ಬಾಗಿಲು ತೆರೆದಂತೆ. ಯೂರಿಯಾ ಅತಿಯಾಗಿ ಹಾಕಿದ ಗದ್ದೆಯಲ್ಲಿ ರೋಗ ಬೇಗ ಏರುತ್ತದೆ. ಗಾಳಿಮಳೆ ಮತ್ತು ಗದ್ದೆಯಿಂದ ಗದ್ದೆಗೆ ಹರಿಯುವ ನೀರು ಅದನ್ನು ಊರಿಗೆಲ್ಲ ಹಂಚುತ್ತವೆ. ತೀವ್ರವಾದಾಗ ಅರ್ಧದಷ್ಟು ಇಳುವರಿಯೂ ಕೈತಪ್ಪಬಹುದು. ಒಮ್ಮೆ ಹಬ್ಬಿದ ಮೇಲೆ ಇದನ್ನು ಖಚಿತವಾಗಿ ಗುಣಪಡಿಸುವ ಔಷಧಿ ಇಲ್ಲ. ಜೀವನಿರೋಧಕ ಔಷಧಿಗಳನ್ನು ಗದ್ದೆಗೆ ಸುರಿಯುತ್ತ ಹೋದರೆ ದುಂಡಾಣುಗಳೇ ಅದಕ್ಕೆ ಒಗ್ಗಿಕೊಳ್ಳುತ್ತವೆ. ಹೀಗಾಗಿ ರೋಗವನ್ನು ಬೀಜದಲ್ಲಿಯೇ ತಡೆಯುವುದು ಉಳಿದ ದಾರಿ.

ನಮ್ಮ ಬಿಪಿಟಿಯ ಕುಲಗೋತ್ರ

ತುಂಗಭದ್ರಾ ಅಚ್ಚುಕಟ್ಟಿನಲ್ಲಿ ದಶಕಗಳ ಕಾಲ ಬಿಪಿಟಿ 5204 ಎಂಬ ಸಣ್ಣಕ್ಕಿ ತಳಿಯದ್ದೇ ಆಳ್ವಿಕೆ. ಸಾಂಬಾ ಮಸೂರಿ ಎಂಬುದು ಅದರ ಹೆಸರು. ಅಂಗಡಿಯಲ್ಲಿ ಸೋನಾ ಮಸೂರಿ ಎಂದು ಮಾರುವ ಅಕ್ಕಿಯಲ್ಲಿ ಬಹಳಷ್ಟು ಇದರದ್ದೇ. ಈಚಿನ ವರ್ಷಗಳಲ್ಲಿ ಆರ್‌ಎನ್‌ಆರ್ 15048ರಂಥ ತಳಿಗಳು ಬಂದಿದ್ದರೂ ಬಿಪಿಟಿಯ ಅನ್ನಕ್ಕೆ ಇರುವ ಹೆಸರು ಅಳಿದಿಲ್ಲ.

ಈ ತಳಿ 1986ರಲ್ಲಿ ಆಂಧ್ರದ ಬಾಪಟ್ಲ ಸಂಶೋಧನಾ ಕೇಂದ್ರದಿಂದ ಬಂದಿತು. ಅದರ ಹಿರಿಯರನ್ನು ಹುಡುಕಿದರೆ ಸ್ವಾರಸ್ಯವಾದ ಸಂಗತಿ ತಿಳಿಯುತ್ತದೆ. ಒಬ್ಬ ಹಿರಿಯ ತಮಿಳುನಾಡಿನ ಹಳೆಯ ಸಣ್ಣಕ್ಕಿ ತಳಿ ಜಿಇಬಿ 24. ಇನ್ನೊಬ್ಬ ತೈವಾನಿನಿಂದ ಬಂದ ಗಿಡ್ಡತಳಿ ಟಿಎನ್ 1. ಮತ್ತೊಬ್ಬ ಮಲೇಷ್ಯಾದ ಮಸೂರಿ. ಸಣ್ಣಕ್ಕಿಯ ರುಚಿ ಒಬ್ಬರಿಂದ, ಬಾಗಿ ಮಲಗದ ಗಿಡ್ಡಕಾಂಡ ಒಬ್ಬರಿಂದ, ಹೀಗೆ ಮೂರು ನಾಡಿನ ಗುಣಗಳು ಒಂದೇ ತೆನೆಯಲ್ಲಿ ಕೂಡಿವೆ. ನಾವು ನಮ್ಮದೆಂದು ಅಭಿಮಾನ ಪಡುವ ಅಕ್ಕಿ ಕೂಡ ವಂಶವಾಹಿಗಳನ್ನು ಕೂಡಿಸಿಯೇ ಮಾಡಿದ್ದು. ಆಗ ಪ್ರಯೋಗಾಲಯದ ಅಣುಪರೀಕ್ಷೆ ಇರಲಿಲ್ಲ, ತಳಿವಿಜ್ಞಾನಿಯ ಕಣ್ಣೇ ಪರೀಕ್ಷೆಯಾಗಿತ್ತು.

ನಮ್ಮ ರಾಗಿಯ ಕಥೆಯೂ ಹೀಗೆಯೇ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಇಂಡಿಯಾ ಮತ್ತು ಆಫ್ರಿಕಾ ಎರಡೂ ಆ ಹೆಸರಿನಲ್ಲಿಯೇ ಇವೆ. ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣದಾದ ರಾಗಿ ಹೂವಿನಲ್ಲಿ ಸಂಕರಣ ಮಾಡುವುದು ಎಷ್ಟು ತಾಳ್ಮೆಯ ಕೆಲಸವೆಂಬುದನ್ನು ಹೇಳಬೇಕಾಗಿಲ್ಲ.

ಬಿಪಿಟಿಗೆ ಒಂದು ದೌರ್ಬಲ್ಯವಿತ್ತು. ಅನ್ನ ಮೃದು, ಬೆಲೆ ಚೆನ್ನ, ಆದರೆ ದುಂಡಾಣು ಅಂಗಮಾರಿ ರೋಗಕ್ಕೆ ಬೇಗ ತುತ್ತಾಗುತ್ತದೆ. ಅಕ್ಕಿಯ ಗುಣ ಒಂದಿಷ್ಟೂ ಕೆಡದಂತೆ ರೋಗ ತಡೆಯುವ ಶಕ್ತಿಯನ್ನು ಮಾತ್ರ ಅದರೊಳಗೆ ಸೇರಿಸಲು ಸಾಧ್ಯವೇ ಎಂಬುದು ವಿಜ್ಞಾನಿಗಳ ಮುಂದಿದ್ದ ಪ್ರಶ್ನೆ.

ಮಾಲಿ ದೇಶದ ಕಾಡುಭತ್ತ

ಆ ಶಕ್ತಿ ಸಿಕ್ಕಿದ್ದು ಒಂದು ಕಾಡುಭತ್ತದಲ್ಲಿ. ಪಶ್ಚಿಮ ಆಫ್ರಿಕಾದ ಮಾಲಿ ದೇಶದಲ್ಲಿ ಬೆಳೆಯುವ, ಉಣ್ಣಲು ಯೋಗ್ಯವಲ್ಲದ, ಕಳೆಯಂತೆ ಹಬ್ಬುವ ಹುಲ್ಲು ಅದು. 1970ರ ದಶಕದ ಕೊನೆಯಲ್ಲಿ ಒಡಿಶಾದ ಕಟಕ್‌ನಲ್ಲಿರುವ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಅದನ್ನು ಪರೀಕ್ಷಿಸಿದಾಗ, ಒಡ್ಡಿದ ದುಂಡಾಣುಗಳನ್ನೆಲ್ಲ ಅದು ತಡೆದುಕೊಂಡಿತು. ಅಲ್ಲಿಂದ ಅದು ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಗೆ ಹೋಯಿತು. ನಮ್ಮ ಪಂಜಾಬಿನ ಗುರುದೇವ್ ಸಿಂಗ್ ಖುಷ್ ಮತ್ತು ಅವರ ಜೊತೆಗಾರರು ಆ ಗುಣವನ್ನು ಬೆಳೆಯುವ ಭತ್ತಕ್ಕೆ ತರಲು ಹತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿದರು. 1990ರಲ್ಲಿ ಅದು ಕೈಗೂಡಿತು. ಎಕ್ಸ್‌ಎ 21 ಎಂದು ಆ ವಂಶವಾಹಿಗೆ ಹೆಸರಿಟ್ಟರು. 1995ರಲ್ಲಿ ಅಮೆರಿಕದಲ್ಲಿ ಪಮೇಲಾ ರೊನಾಲ್ಡ್ ಅವರ ತಂಡ ಆ ವಂಶವಾಹಿಯನ್ನು ಬಿಡಿಸಿ ತೆಗೆದು ಅದರ ಕೆಲಸವನ್ನು ಅರಿಯಿತು.

ಎಕ್ಸ್‌ಎ 21 ಜೀವಕೋಶದ ಬಾಗಿಲಲ್ಲಿ ನಿಂತ ಕಾವಲುಗಾರನಂತೆ. ದುಂಡಾಣು ಬಂದುದನ್ನು ಗುರುತಿಸಿ ಒಳಗಿನವರನ್ನು ಎಚ್ಚರಿಸುತ್ತದೆ. ಇದರ ಜೊತೆಗೆ ಭತ್ತದ ಬೇರೆ ತಳಿಗಳಲ್ಲಿ ಎಕ್ಸ್‌ಎ 5 ಮತ್ತು ಎಕ್ಸ್‌ಎ 13 ಎಂಬ ಇನ್ನೆರಡು ವಂಶವಾಹಿಗಳು ಸಿಕ್ಕಿದ್ದವು. ಇವು ಕೆಲಸ ಮಾಡುವ ಬಗೆಯೇ ಬೇರೆ. ದುಂಡಾಣು ಸಸ್ಯದೊಳಗೆ ಸೇರಿದ ಮೇಲೆ ಸಕ್ಕರೆ ಹೊರಬಿಡುವ ಬಾಗಿಲೊಂದನ್ನು ತನ್ನ ಕೀಲಿಯಿಂದ ತೆರೆಸಿ ಹೊಟ್ಟೆ ಹೊರೆಯುತ್ತದೆ. ಎಕ್ಸ್‌ಎ 13 ಇರುವ ಗಿಡದಲ್ಲಿ ಆ ಬೀಗ ಬದಲಾಗಿರುತ್ತದೆ, ಕಳ್ಳನ ಕೀಲಿ ಅಲ್ಲಿ ತಿರುಗುವುದಿಲ್ಲ. ಎಕ್ಸ್‌ಎ 5 ಕೂಡ ಹೀಗೆಯೇ ದುಂಡಾಣುವಿನ ಕೈಗೆ ಹಿಡಿತ ಸಿಗದಂತೆ ಮಾಡುತ್ತದೆ.

ಮೂರೂ ಒಟ್ಟಿಗೆ ಏಕೆ ಬೇಕು? ದುಂಡಾಣು ಸುಮ್ಮನೆ ಕೂರುವ ಜೀವಿಯಲ್ಲ, ದಿನದಿನಕ್ಕೂ ಬದಲಾಗುತ್ತದೆ. ಒಬ್ಬನೇ ಕಾವಲುಗಾರನಿದ್ದರೆ ಇಂದಲ್ಲ ನಾಳೆ ಅವನ ಕಣ್ತಪ್ಪಿಸುವುದನ್ನು ಕಲಿಯುತ್ತದೆ. ಒಂದೇ ವಂಶವಾಹಿಯನ್ನು ಮೀರಿದ ದುಂಡಾಣುಗಳು ನಮ್ಮ ದೇಶದಲ್ಲಿಯೂ ಕಂಡುಬಂದಿವೆ. ಕಾವಲುಗಾರನನ್ನೂ ಎರಡು ಬೀಗಗಳನ್ನೂ ಏಕಕಾಲಕ್ಕೆ ದಾಟುವುದು ಅದಕ್ಕೆ ಬಹಳ ಕಷ್ಟ.

ಬಾಂದುಕಲ್ಲಿನ ಉಪಾಯ

ಆದರೆ ಮೂರನ್ನೂ ಒಂದೇ ಗಿಡದಲ್ಲಿ ಕೂಡಿಸುವುದು ಕಣ್ಣಂದಾಜಿನಿಂದ ಆಗುವ ಕೆಲಸವಲ್ಲ. ಇದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ಎಕ್ಸ್‌ಎ 5 ಮತ್ತು ಎಕ್ಸ್‌ಎ 13 ಅಡಗಿ ಕೂರುವ ಸ್ವಭಾವದವು. ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಗುಣ ಹೊರಗೆ ಕಾಣುತ್ತದೆ. ಒಬ್ಬರಿಂದ ಮಾತ್ರ ಬಂದಿದ್ದರೆ ಗಿಡದೊಳಗೆ ಇದ್ದರೂ ಇಲ್ಲದಂತೆಯೇ. ಎರಡನೆಯದು, ಒಂದು ವಂಶವಾಹಿ ಇದ್ದ ಗಿಡವೂ ಮೂರು ಇದ್ದ ಗಿಡವೂ ರೋಗ ಬಂದಾಗ ಹಸಿರಾಗಿಯೇ ನಿಲ್ಲಬಹುದು. ಯಾವುದರಲ್ಲಿ ಎಷ್ಟಿವೆ ಎಂದು ನೋಡಿ ಹೇಳುವುದು ಹೇಗೆ?

ಇಲ್ಲಿಯೇ ಅಣುವಿಜ್ಞಾನ ನೆರವಿಗೆ ಬಂದದ್ದು. ಹೊಲದ ಗಡಿಯನ್ನು ನಾವು ಬಾಂದುಕಲ್ಲಿನಿಂದ ಗುರುತಿಸುತ್ತೇವೆ. ಕಲ್ಲು ಬೆಳೆ ಕೊಡುವುದಿಲ್ಲ, ಆದರೆ ಹೊಲ ಎಲ್ಲಿದೆ ಎಂದು ಹೇಳುತ್ತದೆ. ವಂಶವಾಹಿಗಳ ಪಕ್ಕದಲ್ಲಿಯೂ ಇಂಥ ಗುರುತುಗಳಿವೆ. ಎಳೆಯ ಸಸಿಯಿಂದ ಒಂದು ಚೂರು ಎಲೆ ತೆಗೆದು, ಅದರ ಡಿಎನ್‌ಎ ಬೇರ್ಪಡಿಸಿ, ಬೇಕಾದ ತುಂಡನ್ನು ಮಾತ್ರ ಲಕ್ಷಾಂತರ ಪಟ್ಟು ಹೆಚ್ಚಿಸಿ ನೋಡಿದರೆ ಗುರುತು ಇದೆಯೋ ಇಲ್ಲವೋ ತಿಳಿಯುತ್ತದೆ. 2020ರಲ್ಲಿ ಕೊರೊನಾ ಬಂದಾಗ ಮೂಗಿಗೆ ಕಡ್ಡಿ ಹಾಕಿ ಮಾಡಿದ ಪಿಸಿಆರ್ ಪರೀಕ್ಷೆಯನ್ನು ಯಾರೂ ಮರೆತಿರಲಾರರು. ಇದೂ ಆ ಬಗೆಯ ಪರೀಕ್ಷೆಯೇ. ರೋಗದ ಕಾಲ ಬರುವವರೆಗೆ ಕಾಯಬೇಕಾಗಿಲ್ಲ, ಸಸಿಮಡಿಯಲ್ಲಿಯೇ ಬೇಕಾದ ಸಸಿಯನ್ನು ಆರಿಸಬಹುದು.

ಹೈದರಾಬಾದಿನಲ್ಲಿ ಇಂದು ಭಾರತೀಯ ಭತ್ತ ಸಂಶೋಧನಾ ಸಂಸ್ಥೆ ಎನಿಸಿಕೊಂಡಿರುವ ಅಂದಿನ ಭತ್ತ ಸಂಶೋಧನಾ ನಿರ್ದೇಶನಾಲಯವೂ ಅದೇ ಊರಿನ ಸಿಸಿಎಂಬಿ ಸಂಸ್ಥೆಯೂ ಕೂಡಿ ಈ ಕೆಲಸಕ್ಕೆ ಕೈಹಾಕಿದವು. ಮೂರು ವಂಶವಾಹಿಗಳಿದ್ದ ಭತ್ತವನ್ನು ಬಿಪಿಟಿಯೊಂದಿಗೆ ಕೂಡಿಸಿ, ಬಂದ ಸಂತಾನವನ್ನು ಮತ್ತೆ ಮತ್ತೆ ಬಿಪಿಟಿಯೊಂದಿಗೇ ಕೂಡಿಸಿದರು. ದನಗಳ ತಳಿ ಕಟ್ಟುವವರಿಗೆ ಈ ಲೆಕ್ಕ ಗೊತ್ತು. ಮೊದಲ ಕರುವಿನಲ್ಲಿ ಅರ್ಧ ರಕ್ತ, ಅದನ್ನು ಮತ್ತೆ ಅದೇ ತಳಿಯ ಹೋರಿಗೆ ಬಿಟ್ಟರೆ ಮುಕ್ಕಾಲು, ಆಮೇಲೆ 8ರಲ್ಲಿ 7 ಭಾಗ, ಆಮೇಲೆ 16ರಲ್ಲಿ 15, ನಾಲ್ಕನೆಯ ಬಾರಿಗೆ 32ರಲ್ಲಿ 31 ಭಾಗ. ಹೀಗೆ ನಾಲ್ಕು ಬಾರಿ ಮರುಸಂಕರಣ ಮಾಡಿ, ಪ್ರತಿ ಸಲವೂ ಗುರುತು ನೋಡಿ ಸಸಿ ಆರಿಸಿದರು. ಕೊನೆಗೆ ನಿಂತದ್ದು ಬಿಪಿಟಿಯದೇ ಕಾಳು, ಬಿಪಿಟಿಯದೇ ಅನ್ನ, ಜೊತೆಗೆ ಅಂಗಮಾರಿಯನ್ನು ತಡೆಯುವ ಶಕ್ತಿ. ಸುಧಾರಿತ ಸಾಂಬಾ ಮಸೂರಿ ಎಂಬ ಹೆಸರಿನಲ್ಲಿ ಅದು 2008ರಲ್ಲಿ ಬಿಡುಗಡೆಯಾಯಿತು. ಆರ್‌ಪಿ ಬಯೋ 226 ಎಂಬುದು ಅದರ ಇನ್ನೊಂದು ಗುರುತು.

ಇದೇ ವಿಧಾನದಿಂದ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ, ಗದ್ದೆಯಲ್ಲಿ ನೀರು ನಿಲ್ಲಿಸದೆ ಬೆಳೆಯಬಹುದಾದ ಎಂಎಎಸ್ 946-1 ಎಂಬ ಭತ್ತವನ್ನು 2007ರಲ್ಲಿ ಕೊಟ್ಟಿತು. ಒಡಿಶಾದ ರೈತರ ಹಳೆಯ ಭತ್ತದಿಂದ ಆರಿಸಿದ ಎಫ್‌ಆರ್ 13ಎ ತಳಿಯಲ್ಲಿದ್ದ ಮುಳುಗಡೆ ತಾಳುವ ಗುಣವನ್ನು ಸ್ವರ್ಣ ತಳಿಗೆ ತಂದು, ಎರಡು ವಾರದಷ್ಟು ಕಾಲ ನೀರಿನಡಿ ಇದ್ದರೂ ಚೇತರಿಸಿಕೊಳ್ಳುವ ಸ್ವರ್ಣ ಸಬ್ 1 ತಳಿಯನ್ನು 2009ರಲ್ಲಿ ನಮ್ಮ ದೇಶದಲ್ಲಿ ಬಿಡುಗಡೆ ಮಾಡಲಾಯಿತು.

ಮೂರು ಬಗೆಯ ಕೆಲಸ

ಇಲ್ಲಿಯವರೆಗೆ ಹೇಳಿದ್ದು ಮೊದಲನೆಯ ಬಗೆ. ಭತ್ತಕ್ಕೆ ಭತ್ತದ್ದೇ ಗುಣವನ್ನು ಸಂಕರಣದಿಂದ ತಂದು, ಆರಿಸುವುದಕ್ಕೆ ಮಾತ್ರ ಅಣುಪರೀಕ್ಷೆ ಬಳಸುವುದು. ಇದು ಕುಲಾಂತರಿ ಅಲ್ಲ. ಇದು ಸಾಮಾನ್ಯ ತಳಿಯೇ ಆದ್ದರಿಂದ ಬೆಳೆದ ಭತ್ತದಲ್ಲಿಯೇ ಬೀಜ ಉಳಿಸಿಕೊಂಡು ಮುಂದಿನ ವರ್ಷ ಬಿತ್ತಬಹುದು. ಸಂಕರಣ ಬೀಜದಂತೆ ವರ್ಷವರ್ಷವೂ ಕೊಳ್ಳಬೇಕಾಗಿಲ್ಲ. ಬೆಳೆದ ಬೀಜವನ್ನು ಉಳಿಸಿಕೊಳ್ಳುವ, ಬಿತ್ತುವ, ನೆರೆಯವರೊಂದಿಗೆ ಬದಲಿಸಿಕೊಳ್ಳುವ, ಹೆಸರು ಮುದ್ರಿಸಿದ ಚೀಲದಲ್ಲಿ ಅಲ್ಲದೆ ಮಾರುವ ಹಕ್ಕನ್ನು ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ 2001ರಲ್ಲಿಯೇ ರೈತನಿಗೆ ಕೊಟ್ಟಿದೆ.

ಎರಡನೆಯದು ಕುಲಾಂತರಿ. ಬೇರೊಂದು ಜೀವಿಯ ವಂಶವಾಹಿಯನ್ನು ಪ್ರಯೋಗಾಲಯದಲ್ಲಿ ಸೇರಿಸುವುದು. ಮಣ್ಣಿನ ದುಂಡಾಣುವಿನ ವಂಶವಾಹಿ ಹೊತ್ತ ಬಿಟಿ ಹತ್ತಿ 2002ರಲ್ಲಿ ನಮ್ಮ ದೇಶಕ್ಕೆ ಬಂತು. ಬಿಟಿ ಬದನೆಗೆ 2010ರಲ್ಲಿ ಕೇಂದ್ರ ಸರ್ಕಾರ ತಡೆ ಹಾಕಿತು.

ಮೂರನೆಯದು ವಂಶವಾಹಿ ತಿದ್ದುಪಡಿ. ಹೊರಗಿನಿಂದ ಏನನ್ನೂ ಉಳಿಸದೆ, ಸಸ್ಯದ ಸ್ವಂತ ವಂಶವಾಹಿಯ ಬರಹದಲ್ಲಿಯೇ ಒಂದೆರಡು ಅಕ್ಷರ ತಿದ್ದುವುದು. ಇಂಥ ತಿದ್ದುಪಡಿಗಳನ್ನು ಕುಲಾಂತರಿ ನಿಯಮಗಳ ಕೆಲವು ಹಂತಗಳಿಂದ 2022ರಲ್ಲಿ ಕೇಂದ್ರ ಸರ್ಕಾರ ಹೊರಗಿಟ್ಟಿತು. 2025ರ ಮೇ 4ರಂದು ಇಂಥ ಎರಡು ಭತ್ತದ ತಳಿಗಳನ್ನು ಘೋಷಿಸಲಾಯಿತು. ಅವುಗಳಲ್ಲಿ ಕಮಲ ಎಂಬ ಹೆಸರಿನ ಡಿಆರ್‌ಆರ್ ಧಾನ್ 100 ನಮ್ಮ ಸಾಂಬಾ ಮಸೂರಿಯನ್ನೇ ತಿದ್ದಿ ಮಾಡಿದ್ದು. ತೆನೆಯಲ್ಲಿ ಕಾಳು ಹೆಚ್ಚು, ಕೊಯ್ಲಿಗೆ ಸುಮಾರು 20 ದಿನ ಮೊದಲು ಎಂದು ತಯಾರಿಸಿದವರು ಹೇಳಿದ್ದಾರೆ. ಹೇಳಿಕೆ ನಿಜವಾದರೆ ಸಂತೋಷವೇ. ಆದರೆ ಪ್ರಯೋಗದ ಅಂಕಿ ಅಂಶಗಳನ್ನು ಎಲ್ಲರ ಮುಂದಿಡಬೇಕು, ತಿದ್ದುವ ಉಪಕರಣದ ಮೇಲೆ ವಿದೇಶಿ ಸಂಸ್ಥೆಗಳಿಗಿರುವ ಹಕ್ಕುಸ್ವಾಮ್ಯದಿಂದ ಬೀಜದ ಬೆಲೆಗೂ ರೈತನ ಹಕ್ಕಿಗೂ ತೊಂದರೆ ಬರುವುದಿಲ್ಲವೆಂದು ಬರಹದಲ್ಲಿ ತಿಳಿಸಬೇಕು. ರೈತನೂ ಮೊದಲ ವರ್ಷವೇ ಇಡೀ ಹೊಲಕ್ಕೆ ಹಾಕದೆ ಒಂದೆರಡು ಗುಂಟೆಯಲ್ಲಿ ನೋಡಿ ಮುಂದುವರಿಯಬೇಕು.

ಮೂರನ್ನೂ ಒಂದೇ ಬುಟ್ಟಿಗೆ ಹಾಕಿ ಹೊಗಳುವುದೂ ಬೇಡ, ಬಯ್ಯುವುದೂ ಬೇಡ. ಬೀಜ ಕೊಳ್ಳುವಾಗ ಮೂರು ಪ್ರಶ್ನೆ ಕೇಳಿದರೆ ಸಾಕು. ಇದು ಯಾವ ಬಗೆಯದು? ಇದರ ಬೀಜವನ್ನು ನಾನು ಉಳಿಸಿಕೊಳ್ಳಬಹುದೇ? ಇದು ಯಾವ ರೋಗ ಅಥವಾ ಕೀಟವನ್ನು ತಡೆಯುತ್ತದೆ, ಯಾವುದನ್ನು ತಡೆಯುವುದಿಲ್ಲ?

ಹತ್ತಿಯಿಂದ ಕಲಿತ ಪಾಠ

ಮೂರನೆಯ ಪ್ರಶ್ನೆಯನ್ನು ಕೇಳದೆ ಹೋದುದರ ಫಲವನ್ನು ಹತ್ತಿ ಬೆಳೆಗಾರರು ಉಂಡಿದ್ದಾರೆ. ಬಿಟಿ ಹತ್ತಿ ಬಂದ ಮೊದಲ ವರ್ಷಗಳಲ್ಲಿ ಕಾಯಿಕೊರಕದ ಸಿಂಪರಣೆ ಇಳಿಯಿತೆಂಬುದು ನಿಜ. ಆಗ 450 ಗ್ರಾಂ ಪೊಟ್ಟಣದ ಜೊತೆಗೆ 120 ಗ್ರಾಂ ಬಿಟಿ ಅಲ್ಲದ ಬೀಜವನ್ನೂ ಕೊಡುತ್ತಿದ್ದರು. ಅದನ್ನು ಆಶ್ರಯ ಬೆಳೆಯಾಗಿ ಸುತ್ತಲೂ ಹಾಕಿದರೆ ಅಲ್ಲಿ ಬೆಳೆದ ಸಾಮಾನ್ಯ ಹುಳುಗಳು ವಿಷಕ್ಕೆ ಒಗ್ಗಿದ ಹುಳುಗಳೊಂದಿಗೆ ಕೂಡಿ, ಒಗ್ಗಿದ ಸಂತತಿ ಹೆಚ್ಚದಂತೆ ನೋಡಿಕೊಳ್ಳುತ್ತಿದ್ದವು. ಬಹಳ ಮಂದಿ ಆ ಸಣ್ಣ ಪೊಟ್ಟಣವನ್ನು ಬದಿಗೆ ಎಸೆದರು. ಏಕೆ ಹಾಕಬೇಕೆಂದು ಮನಮುಟ್ಟುವಂತೆ ಹೇಳದ ನಮ್ಮಂಥವರ ತಪ್ಪೂ ಅದರಲ್ಲಿದೆ. ಗುಲಾಬಿ ಕಾಯಿಕೊರಕ ಮೊದಲು ಒಂದು ವಂಶವಾಹಿಯ ಹತ್ತಿಗೆ, ಆಮೇಲೆ ಎರಡು ವಂಶವಾಹಿಗಳ ಹತ್ತಿಗೂ ಒಗ್ಗಿಕೊಂಡಿತು. ಬಿಟಿ ಇದೆಯಲ್ಲ ಎಂದು ಸುಮ್ಮನಿದ್ದವರ ಕಾಯಿಯೊಳಗೆ ಹುಳು ಕುಳಿತಿತ್ತು.

ಸುಧಾರಿತ ಸಾಂಬಾ ಮಸೂರಿಗೂ ಈ ಎಚ್ಚರಿಕೆ ಅನ್ವಯಿಸುತ್ತದೆ. ಅದು ತಡೆಯುವುದು ದುಂಡಾಣು ಅಂಗಮಾರಿಯನ್ನು ಮಾತ್ರ. ಬೆಂಕಿರೋಗಕ್ಕೂ ಕಂದು ಜಿಗಿಹುಳುವಿಗೂ ಆ ಮೂರು ವಂಶವಾಹಿಗಳಿಂದ ಪ್ರಯೋಜನವಿಲ್ಲ. ಯೂರಿಯಾ ಮಿತಿಯಲ್ಲಿರಬೇಕು, ಸಸಿಯ ತುದಿ ಚಿವುಟಬಾರದು, ರೋಗ ಬಂದ ಗದ್ದೆಯ ನೀರನ್ನು ಮುಂದಿನ ಗದ್ದೆಗೆ ಬಿಡಬಾರದು. ಬೀಜ ಗಟ್ಟಿಯಾಗಿದೆಯೆಂದು ಬೇಸಾಯ ಸಡಿಲವಾದರೆ ದುಂಡಾಣುವಿಗೆ ಕಲಿಯಲು ನಾವೇ ಅವಕಾಶ ಕೊಟ್ಟಂತೆ.

ಕಣ್ಣಿಗೆ ಕಾಣದ ಗುಣ

ಹೊಸ ತಳಿ ಬಂದ ಮೇಲೆ ನಾನು ಹತ್ತು ಕಿಲೋ ಬೀಜ ತರಿಸಿ ಮೊದಲು ಕೊಟ್ಟದ್ದು ಆ ಯಜಮಾನರಿಗೇ. ಅರ್ಧ ಎಕರೆಯಲ್ಲಿ ನಾಟಿ ಮಾಡಿದರು. ಆ ವರ್ಷ ರೋಗ ಬರಲಿಲ್ಲ, ಮರುವರ್ಷವೂ ಬರಲಿಲ್ಲ. ನೋಡಲು ಬಂದವರು, "ಇದಕ್ಕೂ ಬಿಪಿಟಿಗೂ ಏನ್ ಫರಕು?" ಎಂದು ಕೇಳಿ ಹೋದರು. ಬೀಜ ಒಯ್ದಿದ್ದ ಇಬ್ಬರು ಅದನ್ನು ಹಳೆಯ ಬಿಪಿಟಿಯೊಂದಿಗೆ ಒಂದೇ ಕಣದಲ್ಲಿ ಒಕ್ಕಿ ಬೆರೆಸಿಬಿಟ್ಟರು. ಯಜಮಾನರು ಮಾತ್ರ ಬೇರೆ ಚೀಲದಲ್ಲಿ ತುಂಬಿ, ಬಾಯಿಗೆ ಕೆಂಪು ದಾರ ಕಟ್ಟಿ ಇಟ್ಟಿದ್ದರು.

ಮೂರನೆಯ ಮುಂಗಾರಿನಲ್ಲಿ ವಾರಗಟ್ಟಲೆ ಜಡಿಮಳೆ ಹಿಡಿದು ಅಂಗಮಾರಿ ಕಾಲುವೆಯುದ್ದಕ್ಕೂ ಹಬ್ಬಿತು. ನಾನು ಹೋದಾಗ ಸುತ್ತಲಿನ ಗದ್ದೆಗಳು ಒಣಹುಲ್ಲಿನ ಬಣ್ಣಕ್ಕೆ ತಿರುಗಿದ್ದವು. ಆ ಅರ್ಧ ಎಕರೆ ಹಸಿರಾಗಿ ನಿಂತಿತ್ತು. ಯಜಮಾನರು ಬದುವಿನ ಮೇಲೆ ಕುಳಿತು, "ಫರಕು ಏನಂತ ಕೇಳಿದೋರನ್ನ ಈಗ ಕರೀರಿ ಸಾಹೇಬ್ರ" ಎಂದರು. ಮರುವರ್ಷ ಊರಿನವರು ಬೀಜ ಕೇಳಿ ಬಂದಾಗ ಅವರಲ್ಲಿದ್ದ ಚೀಲಗಳು ಸಾಲಲಿಲ್ಲ. ಆಗ ನನ್ನ ಕೇಂದ್ರದಲ್ಲಿಯೂ ಇರಲಿಲ್ಲ.

ಈ ತಳಿಯ ಕಷ್ಟ ಇರುವುದು ಇಲ್ಲಿಯೇ. ಗುಣ ಕಾಣುವುದು ರೋಗದ ವರ್ಷದಲ್ಲಿ ಮಾತ್ರ. ಕಾಳು, ತೆನೆ, ಅನ್ನ ಎಲ್ಲವೂ ಬಿಪಿಟಿಯಂತೆಯೇ ಇರುವುದರಿಂದ ಬಿಡಿಯಾಗಿ ಕೊಂಡ ಬೀಜ ನಿಜವೋ ಸುಳ್ಳೋ ಎಂದು ಯಾವ ಅನುಭವಿಯೂ ನೋಡಿ ಹೇಳಲಾರ. ನಂಬಿಕೆಯ ಮೇಲೆಯೇ ಕೊಳ್ಳಬೇಕು. ಆ ನಂಬಿಕೆಗೆ ಆಧಾರ ಬೇಕು.

ಆಗಬೇಕಾದುದೇನು?

ಮೊದಲನೆಯದಾಗಿ, ಯಾವ ತಳಿಗೆ ಬೇಡಿಕೆ ಇಲ್ಲವೋ ಅದರ ಬೀಜೋತ್ಪಾದನೆ ನಡೆಯುವುದಿಲ್ಲ. ರೈತ ಸಂಘಗಳು ಮತ್ತು ಸಹಕಾರ ಸಂಘಗಳು ಬಿತ್ತನೆಗೆ ಒಂದು ವರ್ಷ ಮುಂಚೆಯೇ ಬೇಡಿಕೆಯನ್ನು ಬರಹದಲ್ಲಿ ರೈತ ಸಂಪರ್ಕ ಕೇಂದ್ರಕ್ಕೆ ಕೊಡಬೇಕು. ತಮ್ಮ ಭಾಗಕ್ಕೆ ಯಾವ ತಳಿ ಹೊಂದುತ್ತದೆಂದು ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿಯೇ ಮುಂದುವರಿಯಬೇಕು.

ಎರಡನೆಯದಾಗಿ, ತಳಿಯ ಗುರುತು ಪರೀಕ್ಷಿಸುವ ಅಣುಪರೀಕ್ಷೆ ವಿಜ್ಞಾನಿಗಳ ಕೈಯಲ್ಲಿಯೇ ಉಳಿಯಬಾರದು. ತಳಿಯನ್ನು ಕಟ್ಟಲು ಬಳಸಿದ ಪರೀಕ್ಷೆಯನ್ನೇ ಬೀಜದ ಶುದ್ಧತೆ ನೋಡಲೂ ಬಳಸಬಹುದು. ಬೀಜ ಪ್ರಮಾಣೀಕರಣದಲ್ಲಿ ಇಂಥ ತಳಿಗಳ ಪ್ರತಿ ರಾಶಿಗೂ ಈ ಪರೀಕ್ಷೆ ಮಾಡಿ, ಚೀಲದ ಚೀಟಿಯಲ್ಲಿ ಅದನ್ನು ನಮೂದಿಸಬೇಕೆಂದು ಕೇಳುವ ಹಕ್ಕು ರೈತರಿಗಿದೆ.

ಮೂರನೆಯದಾಗಿ, ರೈತನೂ ಬೀಜವನ್ನು ಕಾಳಜಿಯಿಂದ ಕಾಯಬೇಕು. ಬೀಜಕ್ಕಾಗಿ ಗದ್ದೆಯ ನಡುವಿನ ಮಡಿಯನ್ನು ಆರಿಸಿಕೊಳ್ಳಿ. ಬೇರೆ ತಳಿಯ ಭತ್ತದಿಂದ ಕನಿಷ್ಠ 3 ಮೀಟರ್ ಅಂತರವಿರಲಿ. ಹೂ ಬಿಡುವಾಗ ಒಮ್ಮೆ, ತೆನೆ ಮಾಗುವಾಗ ಇನ್ನೊಮ್ಮೆ ನಡೆದು ನೋಡಿ ಬೆರಕೆ ಗಿಡಗಳನ್ನು ಕಿತ್ತುಹಾಕಿ. ಬೇರೆಯಾಗಿ ಕೊಯ್ದು, ಚೊಕ್ಕ ಮಾಡಿದ ಕಣದಲ್ಲಿ ಒಕ್ಕಿ, ತೇವಾಂಶ ಶೇಕಡ 13ಕ್ಕೆ ಇಳಿಯುವಂತೆ ಒಣಗಿಸಿ, ಹೊಸ ಚೀಲದಲ್ಲಿ ತುಂಬಿ, ತಳಿಯ ಹೆಸರು ಮತ್ತು ವರ್ಷ ಬರೆದಿಡಿ. ಮೂರು ವರ್ಷಕ್ಕೊಮ್ಮೆ ಹೊಸ ಪ್ರಮಾಣಿತ ಬೀಜ ತಂದುಕೊಳ್ಳಿ.

ಕೊನೆಯದಾಗಿ, ನಮ್ಮ ಹಿತ್ತಿಲಲ್ಲಿ, ಬದುವಿನಲ್ಲಿ, ಮಲೆನಾಡಿನ ಕಣಿವೆಗಳಲ್ಲಿ ಉಳಿದಿರುವ ನಾಟಿ ತಳಿಗಳನ್ನು ಇಳುವರಿ ಕಡಿಮೆ ಎಂಬ ಒಂದೇ ಕಾರಣಕ್ಕೆ ಕೈಬಿಡಬಾರದು. ರಾಗಿಯ ಸಂಪೂರ್ಣ ವಂಶವಾಹಿ ಬರಹವನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಎಂಎಲ್ 365 ತಳಿಯಿಂದ ಓದಿ 2017ರಲ್ಲಿ ಪ್ರಕಟಿಸಿದರು. ಬರಹ ಕೈಯಲ್ಲಿದ್ದರೂ ಅದರಲ್ಲಿ ಇಲ್ಲದ ಗುಣವನ್ನು ಯಾವ ವಿಜ್ಞಾನಿಯೂ ಶೂನ್ಯದಿಂದ ಸೃಷ್ಟಿಸಲಾರ, ಎಲ್ಲಿಯೋ ಉಳಿದ ಬೀಜದಿಂದಲೇ ತರಬೇಕು. ಮಾಲಿಯ ಕಾಡುಹುಲ್ಲು ಅಳಿದುಹೋಗಿದ್ದರೆ ಎಕ್ಸ್‌ಎ 21 ಸಿಗುತ್ತಿರಲಿಲ್ಲ. ಒಡಿಶಾದ ರೈತರು ತಮ್ಮ ಹಳೆಯ ಭತ್ತವನ್ನು ಬಿಟ್ಟಿದ್ದರೆ ಸ್ವರ್ಣ ಸಬ್ 1 ಹುಟ್ಟುತ್ತಿರಲಿಲ್ಲ.

ವಿಜ್ಞಾನಿಗಳು ತಮ್ಮ ಪಾಲಿನ ಕೆಲಸ ಮಾಡಿ ವರ್ಷಗಳು ಕಳೆದಿವೆ. ಉಳಿದದ್ದು ಬೀಜ ಬೆಳೆಸುವವರ, ಪರೀಕ್ಷಿಸುವವರ, ಹಂಚುವ ನಮ್ಮಂಥವರ ಮತ್ತು ಕೇಳಿ ಪಡೆಯಬೇಕಾದ ರೈತರ ಪಾಲು. ಈ ಮುಂಗಾರಿಗೆ ಸಸಿಮಡಿ ಮಾಡುವ ಮುನ್ನ ಒಮ್ಮೆ ನಿಮ್ಮ ಕೇಂದ್ರಕ್ಕೆ ಹೋಗಿ ಹೆಸರಿಟ್ಟು ಕೇಳಿ. ಇಲ್ಲವೆಂದರೆ ಮುಂದಿನ ವರ್ಷಕ್ಕೆ ಬರೆಸಿ ಬನ್ನಿ. ಸಿಕ್ಕ ಬೀಜವನ್ನು ಬೇರೆ ಚೀಲದಲ್ಲಿಟ್ಟು ಕೆಂಪು ದಾರ ಕಟ್ಟಲು ಮರೆಯಬೇಡಿ.